ಖುಷಿಗೆ ವಿಡಿಯೋ ಮಾಡುವವರಿಗೂ ಚಾನೆಲ್ ಬೇಕೇ ಬೇಕಾ?

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಕಾಲೇಜಿನ ದಿನಗಳಿಂದಲೂ ವಿಡಿಯೋ ಮಾಡುವುದು ನನ್ನ ಹುಚ್ಚು. ಆಗ ಗೆಳೆಯನ ಮನೆಯ ಟೇಪ್ ಹ್ಯಾಂಡಿಕ್ಯಾಮ್‌ನಲ್ಲಿ ಏನೇನೋ ತೆಗೆದು, ನಾವೇ ನೋಡಿ, ನಕ್ಕು ಮುಗಿಸುತ್ತಿದ್ದೆವು. ಈಗ ಫೋನ್ ಎತ್ತಿ ಹಿಡಿದರೆ ಸಾಕು, ‘ನಿಮ್ಮ ಚಾನೆಲ್ ಯಾವುದು? ಎಷ್ಟು ಸಬ್‌ಸ್ಕ್ರೈಬರ್ಸ್ ಇದ್ದಾರೆ?’ ಅಂತ ಕೇಳುತ್ತಾರೆ. ಎರಡು ವರ್ಷದ ಹಿಂದೆ ನಾನೂ ಒಂದು ಚಾನೆಲ್ ಶುರು ಮಾಡಿದೆ. ಯಾವ ವಿಡಿಯೋ ಹಾಕಿದರೂ ನೂರರ ಆಸುಪಾಸಿನಲ್ಲಿ ವ್ಯೂಸ್ ನಿಂತುಬಿಡುತ್ತದೆ. ಈಗೀಗ ಶೂಟ್ ಮಾಡುವಾಗಲೇ ‘ಇದನ್ನ ಯಾರು ನೋಡ್ತಾರೆ’ ಅನ್ನಿಸುತ್ತದೆ. ಎಡಿಟಿಂಗ್‌ಗೆ ಕೂತರೆ ಬೇಸರ ಬರುತ್ತದೆ. ನನಗೆ ದುಡ್ಡು, ಹೆಸರು ಬೇಕಿಲ್ಲ. ಹಳೆಯ ಖುಷಿ ಬೇಕು. ಚಾನೆಲ್ ಮುಚ್ಚಿಬಿಡಲಾ? ಒಳ್ಳೆಯ ಕ್ಯಾಮೆರಾ ತಗೊಂಡರೆ ಉತ್ಸಾಹ ವಾಪಸ್ ಬರುತ್ತದಾ? ಬರೀ ಖುಷಿಗೆ ವಿಡಿಯೋ ಮಾಡುವುದಕ್ಕೆ ಈ ಕಾಲದಲ್ಲಿ ಅರ್ಥ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅರ್ಥ ಖಂಡಿತ ಇದೆ. ನಿಮ್ಮ ಉತ್ಸಾಹ ಇಳಿದಿರುವುದಕ್ಕೆ ವಯಸ್ಸು ಕಾರಣ ಅಲ್ಲ, ಕ್ಯಾಮೆರಾ ಕೂಡ ಅಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ.

‘ನಾವೇ ನೋಡಿ, ನಕ್ಕು ಮುಗಿಸುತ್ತಿದ್ದೆವು’ ಅಂತ ಬರೆದಿದ್ದೀರಿ. ಆಗ ಯಾರು ನೋಡುತ್ತಾರೆ ಅನ್ನುವುದು ಶೂಟ್ ಮಾಡುವ ಮೊದಲೇ ನಿಮಗೆ ಗೊತ್ತಿತ್ತು. ಅವರು ನೋಡುವಾಗ ನೀವೂ ಪಕ್ಕದಲ್ಲೇ ಕೂತಿರುತ್ತಿದ್ದಿರಿ. ನೋಡಿಯಾದ ಮೇಲೆ ಆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಚಾನೆಲ್‌ಗೆ ಹೋದ ವಿಡಿಯೋ ಮುಗಿಯುವುದೇ ಇಲ್ಲ. ಇವತ್ತು 83 ವ್ಯೂಸ್ ಇರುತ್ತದೆ, ನಾಳೆ 91 ಆಗುತ್ತದೆ, ನಾಡಿದ್ದು ಅಲ್ಲೇ ನಿಲ್ಲುತ್ತದೆ. ಹಾಗೆ ನೋಡಿದವರು ಯಾರು, ನಕ್ಕರಾ, ಬೇಸರಪಟ್ಟರಾ, ಒಂದೂ ತಿಳಿಯುವುದಿಲ್ಲ. ನೀವು ಕಳಕೊಂಡಿರುವುದು ನೋಡುಗರನ್ನು. ಅವರ ಜಾಗದಲ್ಲಿ ಒಂದು ಸಂಖ್ಯೆ ಬಂದು ಕೂತಿದೆ.

ಎಡಿಟಿಂಗ್ ನನ್ನ ಕಸುಬು, ಕಲಿಸುವುದೂ ಉಂಟು. ಕಲಿಯಲು ಬರುವವರಲ್ಲಿ ನಿಮ್ಮಂಥವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ವಿಡಿಯೋ ಯಾರಿಗೆ? ‘ಎಲ್ಲರಿಗೂ’, ‘ಪ್ರಕೃತಿ ಇಷ್ಟಪಡುವವರಿಗೆ’ ಅನ್ನುವ ಉತ್ತರ ನಡೆಯುವುದಿಲ್ಲ. ಹೆಸರು ಹೇಳಬೇಕು. ಒಬ್ಬರದ್ದಾದರೂ ಸರಿ, ಆರು ಜನರದ್ದಾದರೂ ಸರಿ. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಈಗ ವಿಡಿಯೋ ಅಂದರೆ ಚಾನೆಲ್ ಅಂತಲೇ ಜನ ತಿಳಿದಿದ್ದಾರೆ. ಆದರೆ ಸುಮ್ನೆ ಇಷ್ಟಕ್ಕೆ ಕ್ಯಾಮೆರಾ ಹಿಡಿಯುವುದು ಯೂಟ್ಯೂಬ್‌ಗಿಂತ ಎಷ್ಟೋ ಹಳೆಯ ಹವ್ಯಾಸ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತೆಗೆದ ಮೊದಮೊದಲ ಚಿತ್ರಗಳಲ್ಲೇ ಒಂದರಲ್ಲಿ ಅಣ್ಣ ಓಗಸ್ಟ್ ಮತ್ತು ಅವನ ಹೆಂಡತಿ ತಮ್ಮ ಪುಟ್ಟ ಮಗಳಿಗೆ ಉಣ್ಣಿಸುತ್ತಾರೆ. ಒಂದು ನಿಮಿಷ ಕೂಡ ಇಲ್ಲದ ಚಿತ್ರ, ಕ್ಯಾಮೆರಾ ಹಿಂದೆ ಇದ್ದವನು ತಮ್ಮ ಲೂಯಿ. 1923ರಲ್ಲಿ ಕೊಡಾಕ್ ಕಂಪನಿ 16 ಎಂಎಂ (ಅಂದರೆ 16 ಮಿಲಿಮೀಟರ್ ಅಗಲದ) ಫಿಲ್ಮ್ ಮತ್ತು ಅದಕ್ಕೆ ಬೇಕಾದ ಕ್ಯಾಮೆರಾ, ಪ್ರೊಜೆಕ್ಟರ್ ತಂದಿತು. ಅಲ್ಲಿಯವರೆಗೆ ಸಿನಿಮಾದವರು ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಬೆಂಕಿ ಹತ್ತುವಂಥದ್ದು. 16 ಎಂಎಂ ಫಿಲ್ಮನ್ನು ಹಾಗೆ ಹೊತ್ತಿಕೊಳ್ಳದ ಅಸಿಟೇಟ್‌ನಲ್ಲಿ ಮಾಡಿದರು. ಮನೆಯ ಹಜಾರದಲ್ಲಿ ಧೈರ್ಯವಾಗಿ ಪ್ರೊಜೆಕ್ಟರ್ ಓಡಿಸಲು ಆಗಿದ್ದು ಅದರಿಂದಲೇ. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಹವ್ಯಾಸಿಗಳ ಸಂಘವೊಂದು ಶುರುವಾಯಿತು. ಅಮೆಚೂರ್ ಸಿನಿಮಾ ಲೀಗ್ ಅಂತ ಅದರ ಹೆಸರು. 1932ರಲ್ಲಿ 8 ಎಂಎಂ ಫಿಲ್ಮ್, 1965ರಲ್ಲಿ ಅದರ ಸುಧಾರಿತ ರೂಪವಾದ ಸೂಪರ್ 8, 1985ರಲ್ಲಿ ಸೋನಿಯ ಹ್ಯಾಂಡಿಕ್ಯಾಮ್ ಬಂದವು. ಅಂದರೆ ಯೂಟ್ಯೂಬ್ ಹುಟ್ಟುವ ಮೊದಲು ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಜನ ಮನೆಯಲ್ಲಿ ಸಿನಿಮಾ ಮಾಡಿದ್ದಾರೆ. ಕೋಣೆಯಲ್ಲಿ ಎಷ್ಟು ಜನ ಹಿಡಿಸುತ್ತಿದ್ದರೋ ಅಷ್ಟೇ ಅವರ ಪ್ರೇಕ್ಷಕರು. ಅದು ಕಡಿಮೆ ಅಂತ ಯಾರಿಗೂ ಅನ್ನಿಸಲಿಲ್ಲ.

ಆ ರೀಲುಗಳನ್ನು ಈಗ ಆರ್ಕೈವ್‌ಗಳು, ಅಂದರೆ ಹಳೆಯ ದಾಖಲೆ ಕೂಡಿಡುವ ಸಂಸ್ಥೆಗಳು, ಹುಡುಕಿ ಕಾಪಾಡುತ್ತಿವೆ. 2003ರಿಂದ ‘ಹೋಮ್ ಮೂವಿ ಡೇ’ ಅಂತ ಒಂದು ದಿನವನ್ನು ಬೇರೆ ಬೇರೆ ದೇಶಗಳಲ್ಲಿ ನಡೆಸುತ್ತಾರೆ. ಜನ ತಮ್ಮ ಮನೆಯ ಹಳೆಯ ಫಿಲ್ಮ್ ತರುತ್ತಾರೆ, ಗೊತ್ತಿದ್ದವರು ಅದನ್ನು ಪರೀಕ್ಷಿಸಿ ಓಡಿಸುತ್ತಾರೆ, ಬಂದವರೆಲ್ಲ ಕೂತು ನೋಡುತ್ತಾರೆ. ಯಾರೋ ಅಂಗಳ ಗುಡಿಸುವುದು, ಮಕ್ಕಳು ನೀರಿಗೆ ಹಾರುವುದು, ಅಂಗಡಿ ಬಾಗಿಲು ತೆಗೆಯುವುದು, ಇಂಥವೇ. ಸಿನಿಮಾ ಮಂದಿ ತೆಗೆಯಬೇಕು ಅಂದುಕೊಳ್ಳದೇ ಇದ್ದದ್ದನ್ನೆಲ್ಲ ಹವ್ಯಾಸಿಗಳು ತೆಗೆದಿಟ್ಟಿದ್ದಾರೆ.

ಯೂಟ್ಯೂಬ್ ಕೂಡ ಶುರುವಾದದ್ದು ಹೀಗೆಯೇ. ಅದಕ್ಕೆ ಮೊದಲು ಬಿದ್ದ ವಿಡಿಯೋ 2005ರ ಏಪ್ರಿಲ್ 23ರದ್ದು, ಬರೀ 19 ಸೆಕೆಂಡ್. ಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಮ್ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ತುಂಬಾ ಉದ್ದ ಅನ್ನುತ್ತಾರೆ. ಅಷ್ಟೇ, ಮುಗಿಯಿತು. 2007ರಲ್ಲಿ ಜಾಹೀರಾತಿನ ಹಣದಲ್ಲಿ ವಿಡಿಯೋ ಮಾಡಿದವರಿಗೂ ಪಾಲು ಕೊಡುವ ಯೋಜನೆ ಬಂತು. 2012ರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಯಾವ ವಿಡಿಯೋವನ್ನು ಜನರ ಮುಂದೆ ಇಡಬೇಕು ಅನ್ನುವಾಗ, ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಯೂಟ್ಯೂಬ್ ಹೆಚ್ಚು ಬೆಲೆ ಕೊಡತೊಡಗಿತು. 2018ರಲ್ಲಿ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಮತ್ತು ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಇರಬೇಕು ಅಂತ ಗಡಿ ಹಾಕಿದರು.

ಆ ಗಡಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. 4,000 ಗಂಟೆ ಅಂದರೆ 2,40,000 ನಿಮಿಷ. ನಿಮ್ಮದು ನಾಲ್ಕು ನಿಮಿಷದ ವಿಡಿಯೋ ಅಂತ ಇಟ್ಟುಕೊಳ್ಳೋಣ. ಅದನ್ನು ಮೊದಲಿನಿಂದ ಕೊನೆವರೆಗೆ 60,000 ಸಲ ನೋಡಿದರೆ ಆ ಗಡಿ ತಲುಪುತ್ತದೆ. ಇದು ಜಾಹೀರಾತು ವ್ಯಾಪಾರಕ್ಕೆ ಬೇಕಾಗಿ ಹಾಕಿದ ಗಡಿ. ವಿಡಿಯೋ ಚೆನ್ನಾಗಿದೆಯಾ ಅಂತ ಅಳೆಯಲು ಹಾಕಿದ್ದಲ್ಲ. ಆದರೆ ಸಾವಿರ ದಾಟಿದರೆ ಗೆದ್ದ ಹಾಗೆ, ದಾಟದಿದ್ದರೆ ಸೋತ ಹಾಗೆ ಅಂತ ಹವ್ಯಾಸಿಗಳೂ ನಂಬಿಬಿಟ್ಟಿದ್ದಾರೆ. ನಿಮ್ಮ ಚಾನೆಲ್ ಯಾವುದು ಅಂತ ಕೇಳಿದವರೂ ಆ ನಂಬಿಕೆಯಲ್ಲೇ ಕೇಳಿದ್ದು.

‘ದುಡ್ಡು, ಹೆಸರು ಬೇಕಿಲ್ಲ ಅಂದಮೇಲೂ ಸಂಖ್ಯೆ ಯಾಕೆ ಕಾಡುತ್ತದೆ?’ ಅಂತ ನೀವು ಕೇಳಬಹುದು. ಇದಕ್ಕೆ ಮನಃಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗ ಇದೆ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ್ದು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದು ಮೊದಲಿಂದಲೂ ಇಷ್ಟ ಇದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೇ ಗುಂಪಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳು ತಮ್ಮಿಷ್ಟಕ್ಕೆ ಆಡುವ ಹೊತ್ತಿನಲ್ಲಿ ಪೆನ್ನುಗಳನ್ನು ಇಟ್ಟು ಗಮನಿಸಿದರು. ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅಚಾನಕ್ಕಾಗಿ ಪ್ರಶಸ್ತಿ ಪಡೆದವರ ಇಷ್ಟ ಕಡಿಮೆ ಆಗಿರಲಿಲ್ಲ. ಹಾಗಾಗಿ ಇಷ್ಟವನ್ನು ಕೆಡಿಸಿದ್ದು ಪ್ರಶಸ್ತಿ ಅಲ್ಲ, ಅದು ಸಿಗುತ್ತದೆ ಅಂತ ಕಾದದ್ದು. ನಿಮ್ಮ ವಿಷಯದಲ್ಲೂ ಆಗಿರುವುದು ಇದೇ ಅಂತ ನನಗೆ ಅನ್ನಿಸುತ್ತದೆ. ವ್ಯೂಸ್ ಬರುತ್ತದೆ ಅನ್ನುವ ನಿರೀಕ್ಷೆ ಶೂಟಿಂಗ್ ಹೊತ್ತಿಗೇ ತಲೆಯೊಳಗೆ ಬಂದು ಕೂರುತ್ತದೆ. ಮಕ್ಕಳಿಗೆ ಪ್ರಶಸ್ತಿ ಒಂದು ಸಲ ಸಿಕ್ಕಿತು. ನೀವು ದಿನಕ್ಕೆ ಎಷ್ಟು ಸಲ ಆ ಸಂಖ್ಯೆ ನೋಡುತ್ತೀರಿ?

ಇದು ವಿಡಿಯೋದ ಆಕಾರವನ್ನೂ ಬದಲಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಈಗ ಎಲ್ಲ ಕಡೆ ಸಿಗುವ ಪಾಠ ಒಂದೇ. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸಬೇಕು. ಎರಡು ಸೆಕೆಂಡಿಗೊಮ್ಮೆ ಕಟ್ ಇರಬೇಕು. ಮಾತಿನ ನಡುವೆ ಉಸಿರು ಕೂಡ ಉಳಿಸಬಾರದು. ಪರದೆ ತುಂಬ ದಪ್ಪ ಅಕ್ಷರ, ಹಿನ್ನೆಲೆಗೆ ಈಗ ಓಡುತ್ತಿರುವ ಹಾಡು, ವಾರಕ್ಕೆ ಇಷ್ಟು ಅಂತ ಅಪ್‌ಲೋಡ್. ಇವೆಲ್ಲ ಯಾರಿಗಾಗಿ? ನಿಮ್ಮನ್ನು ಗೊತ್ತೇ ಇಲ್ಲದ, ಬೆರಳನ್ನು ಪರದೆ ಮೇಲೆ ಇಟ್ಟುಕೊಂಡೇ ನೋಡುವ ಅಪರಿಚಿತರಿಗಾಗಿ. ಅವರನ್ನು ಹಿಡಿದಿಡುವುದು ಕಷ್ಟದ ಕೆಲಸ. ಅದರಿಂದಲೇ ಹೊಟ್ಟೆಪಾಡು ನಡೆಸುವ ಕ್ರಿಯೇಟರ್‌ಗಳ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಅವರ ತೊಂದರೆ ನಿಮಗಿಲ್ಲ. ನಿಮ್ಮ ಅಕ್ಕನಿಗೆ ಅಂತ ಮಾಡಿದ ವಿಡಿಯೋವನ್ನು ಅಕ್ಕ ಮೂರನೇ ಸೆಕೆಂಡಿಗೆ ಬಿಟ್ಟು ಎದ್ದು ಹೋಗುವುದಿಲ್ಲ. ಇಲ್ಲದ ತೊಂದರೆಗೆ ಮದ್ದು ತಗೊಂಡು ಸುಸ್ತಾಗಿದ್ದೀರಿ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಅಮ್ಮ ಹೊಲಿಗೆ ಮಿಷನ್‌ಗೆ ದಾರ ಪೋಣಿಸುವುದನ್ನು ತೆಗೆಯುತ್ತಿದ್ದೀರಿ, ಅದು ದೂರದಲ್ಲಿರುವ ತಂಗಿಗೆ ಅಂತ ಇಟ್ಟುಕೊಳ್ಳಿ. ಅಮ್ಮ ರೀಲಿನಿಂದ ದಾರ ಎಳೆಯುತ್ತಾರೆ. ಮೇಲಿನ ಕೊಂಡಿಗಳಲ್ಲಿ ಹಾಯಿಸಿ ಸೂಜಿಯವರೆಗೆ ತರುತ್ತಾರೆ. ಅಲ್ಲಿಯವರೆಗೆ ಕೈ ನೋಡದೆಯೇ ಓಡುತ್ತದೆ, ಅಷ್ಟು ವರ್ಷದ ರೂಢಿ. ಸೂಜಿ ಹತ್ತಿರ ಬಂದ ಮೇಲೆ ಮಾತ್ರ ಕೈ ನಿಧಾನ ಆಗುತ್ತದೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾರೆ, ಎರಡು ಬೆರಳಲ್ಲಿ ಹೊಸೆದು ಚೂಪು ಮಾಡುತ್ತಾರೆ, ಕನ್ನಡಕವನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತಾರೆ. ಮೊದಲ ಸಲ ದಾರ ಸೂಜಿಯ ಪಕ್ಕಕ್ಕೆ ಹೋಗುತ್ತದೆ. ಎರಡನೇ ಸಲ ತುದಿ ಬಾಗುತ್ತದೆ. ಬಾಯಲ್ಲಿ ಏನೋ ಗೊಣಗುತ್ತಾರೆ. ಮೂರನೇ ಸಲ ಒಳಗೆ ಹೋಗುತ್ತದೆ.

ಇದನ್ನು ಅಪರಿಚಿತರಿಗಾಗಿ ಎಡಿಟ್ ಮಾಡಿದರೆ ತಪ್ಪಿದ ಎರಡು ಸಲವನ್ನು ಮೊದಲು ಕತ್ತರಿಸುತ್ತಾರೆ. ಒದ್ದೆ ಮಾಡಿದ್ದು, ಹೊಸೆದದ್ದು, ಗೊಣಗಿದ್ದು ಎಲ್ಲ ಹೋಗುತ್ತದೆ. ಉಳಿಯುವುದು ಸೂಜಿಯೊಳಗೆ ದಾರ ಹೋದ ಎರಡು ಸೆಕೆಂಡ್. ತಂಗಿಗೆ ಬೇಕಾದದ್ದು ಕತ್ತರಿಸಿ ಎಸೆದ ಭಾಗದಲ್ಲಿ ಇದೆ. ಅಮ್ಮನ ಕಣ್ಣು ಮೊದಲಿನ ಹಾಗಿಲ್ಲ ಅನ್ನುವುದು ಅವಳಿಗೆ ಅಲ್ಲಿ ಕಾಣುತ್ತದೆ. ಆ ಗೊಣಗಾಟ ಅವಳಿಗೆ ಚಿಕ್ಕಂದಿನಿಂದ ಗೊತ್ತಿರುವ ಗೊಣಗಾಟ. ನಲವತ್ತು ಸೆಕೆಂಡಿನ ಆ ಶಾಟನ್ನು ಕಟ್ ಇಲ್ಲದೆ ಹಾಗೇ ಬಿಡಬೇಕು. ನೋಡುವವರ ಹೆಸರು ಗೊತ್ತಿದ್ದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನ ಹೀಗೆ ತಾನಾಗಿ ಆಗುತ್ತದೆ. ಎಡಿಟಿಂಗ್ ಅಂದರೆ ಬಹುಪಾಲು ಈ ತೀರ್ಮಾನವೇ, ಅಲ್ವಾ?

ತೆಗೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಕಿಟಕಿ ಅಮ್ಮನ ಬೆನ್ನ ಹಿಂದೆ ಬೇಡ, ಪಕ್ಕದಲ್ಲಿರಲಿ. ಬೆನ್ನ ಹಿಂದೆ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಪರದೆ ಮೇಲೆ ಸೂಜಿ ಇರುವ ಕಡೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಇಲ್ಲದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಚಿತ್ರ ಮಂಕಾಗಿ ಮತ್ತೆ ಬೆಳ್ಳಗಾಗುತ್ತಿರುತ್ತದೆ. ಜೂಮ್ ಮಾಡುವ ಬದಲು ನೀವೇ ಹತ್ತಿರ ಹೋಗಿ. ಹತ್ತಿರ ಹೋಗುವುದರಿಂದ ಸದ್ದಿಗೂ ಲಾಭ ಇದೆ. ಬಯಲಿನಲ್ಲಿ ಮಾತಾಡುವವರಿಂದ ಮೈಕ್ ಎರಡು ಪಟ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ) ಇಳಿಯುತ್ತದೆ. ಕೋಣೆಯೊಳಗೆ ಇಳಿಯುವುದು ಅಷ್ಟಿಲ್ಲದಿದ್ದರೂ ಮಾತಿನ ಜಾಗದಲ್ಲಿ ಗೋಡೆಯ ಮಾರ್ದನಿ, ಫ್ಯಾನಿನ ಸದ್ದು ತುಂಬಿಕೊಳ್ಳುತ್ತವೆ. ದೂರದಿಂದಲೇ ತೆಗೆಯಬೇಕಾದರೆ ಇನ್ನೊಂದು ಫೋನಿನಲ್ಲಿ ಸದ್ದು ಮಾತ್ರ ರೆಕಾರ್ಡ್ ಆಗುವ ಹಾಗೆ ಮಿಷನ್ ಪಕ್ಕದಲ್ಲಿ ಇಡಿ. ಶುರುವಿನಲ್ಲಿ ಒಂದು ಸಲ ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ ಮೂವತ್ತು ಸೆಕೆಂಡ್ ಕೋಣೆಯ ಸದ್ದು ಹಿಡಿದುಕೊಳ್ಳಿ. ಕಟ್ ಮಾಡಿದ ಕಡೆ ಸದ್ದು ತಟ್ಟನೆ ನಿಂತ ಹಾಗೆ ಕೇಳದಿರಲು ಅದು ಬೇಕಾಗುತ್ತದೆ. ಹಾಡು ಹಾಕುವ ಮೊದಲು ಹಾಡಿಲ್ಲದೆ ಒಮ್ಮೆ ನೋಡಿ. ಮಿಷನ್ನಿನ ಟಕಟಕ ಸಾಕು ಅಂತ ನಿಮಗೇ ಅನ್ನಿಸಬಹುದು.

ಎಡಿಟಿಂಗ್‌ಗೆ ಕೂತರೆ ಬೇಸರ ಅಂತ ಬರೆದಿದ್ದೀರಿ. ಒಂದು ಗಂಟೆ ತೆಗೆದು ಮೂರು ನಿಮಿಷಕ್ಕೆ ಇಳಿಸುವುದು ಯಾರಿಗಾದರೂ ಬೇಸರವೇ, ಕಸುಬಿನವರಿಗೂ. ಸೂಪರ್ 8 ಕಾಲದವರಿಗೆ ಈ ಕಷ್ಟ ಇರಲಿಲ್ಲ. ಕ್ಯಾಮೆರಾಗೆ ಹಾಕುವ ಒಂದು ಫಿಲ್ಮ್ ಡಬ್ಬಿಯಲ್ಲಿ (ಕಾರ್ಟ್ರಿಡ್ಜ್) 50 ಅಡಿ ಫಿಲ್ಮ್ ಇರುತ್ತಿತ್ತು. ಸೆಕೆಂಡಿಗೆ 18 ಫ್ರೇಮ್ ಲೆಕ್ಕದಲ್ಲಿ ಅದು 3 ನಿಮಿಷ 20 ಸೆಕೆಂಡ್ ಓಡುತ್ತಿತ್ತು. ಹಾಗಾಗಿ ಬಟನ್ ಒತ್ತುವ ಮೊದಲು ಯೋಚಿಸಬೇಕಿತ್ತು. ಎಷ್ಟೋ ಜನ ಕಥೆಯ ಕ್ರಮದಲ್ಲೇ ಒಂದೊಂದು ಶಾಟ್ ತೆಗೆಯುತ್ತಿದ್ದರು. ರೀಲು ಮುಗಿದಾಗ ಎಡಿಟಿಂಗೂ ಮುಗಿದಿರುತ್ತಿತ್ತು. ನಿಮಗೆ ನಾನು ಕೊಡುವ ಮೊದಲ ಕೆಲಸ ಇದೇ. ಒಟ್ಟು ಶೂಟ್ ಮಾಡುವುದೇ 3 ನಿಮಿಷ 20 ಸೆಕೆಂಡ್. ಅದಕ್ಕಿಂತ ಒಂದು ಸೆಕೆಂಡ್ ಜಾಸ್ತಿ ಬೇಡ. ಕೆಲವು ಫೋನ್‌ಗಳಲ್ಲಿ ರೆಕಾರ್ಡಿಂಗ್ ನಡುವೆ ನಿಲ್ಲಿಸಿ ಮುಂದುವರಿಸುವ ಬಟನ್ ಇದೆ. ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ತೆಗೆದ ಕ್ರಮದಲ್ಲೇ ಜೋಡಿಸಿ. ತೆಗೆದದ್ದನ್ನು ಅಳಿಸಿ ಮತ್ತೆ ತೆಗೆಯುವ ಹಾಗಿಲ್ಲ. ಎರಡನೇ ನಿಮಿಷದ ಹೊತ್ತಿಗೆ ಕಣ್ಣು ಬೇರೆ ರೀತಿ ನೋಡತೊಡಗುತ್ತದೆ. ಇನ್ನು ಎಷ್ಟು ಉಳಿದಿದೆ, ಇದು ತೆಗೆಯುವಷ್ಟು ಮುಖ್ಯವಾ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತೀರಿ. ಆ ಗಮನದಲ್ಲೇ ಸುಖ ಇದೆ.

ಗೆಳೆಯರು ಸಿಗುವ ಹಾಗಿದ್ದರೆ ಗುಂಪಿನಲ್ಲಿ ಮಾಡಿ. 2001ರಲ್ಲಿ ವಾಷಿಂಗ್ಟನ್ ಡಿಸಿಯಲ್ಲಿ ‘48 ಅವರ್ ಫಿಲ್ಮ್ ಪ್ರಾಜೆಕ್ಟ್’ ಅಂತ ಒಂದು ಸ್ಪರ್ಧೆ ಶುರುವಾಯಿತು. ತಂಡಗಳಿಗೆ ಒಂದು ಬಗೆಯ ಕಥೆ, ಒಂದು ಪಾತ್ರ, ಒಂದು ವಸ್ತು, ಒಂದು ಸಾಲು ಮಾತು ಕೊಡುತ್ತಾರೆ. ಅವೆಲ್ಲ ಬರುವ ಹಾಗೆ 48 ಗಂಟೆಯಲ್ಲಿ ಕಿರುಚಿತ್ರ ಮುಗಿಸಬೇಕು. ಸ್ಪರ್ಧೆ ಬಿಡಿ, ಆ ನಿಯಮವನ್ನು ಮನೆಯಲ್ಲಿ ಒಂದು ಭಾನುವಾರಕ್ಕೆ ಎರವಲು ತರಬಹುದು. ಚೀಟಿ ಎತ್ತಿ. ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ‘ನಾನಾಗಲೇ ಹೇಳಿದ್ದೆ’ ಅನ್ನುವ ಮಾತು ಬರಲಿ. ಸಂಜೆಗೆ ಎಲ್ಲರೂ ಕೂತು ನೋಡಿ. ಏನು ಮಾಡಲಿ ಅಂತ ತಿಂಗಳುಗಟ್ಟಲೆ ಯೋಚಿಸುವವರು ಕೂಡ ಇಂಥ ಕಟ್ಟು ಇದ್ದರೆ ಒಂದೇ ಗಂಟೆಯಲ್ಲಿ ಶುರು ಮಾಡುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ವಿಷಯಕ್ಕೆ ನೀವು ಗಮನ ಕೊಡಲೇಬೇಕು. ಹಿಂದೆ ಕ್ಯಾಮೆರಾ ಕಂಡರೆ ಜನ ನಾಚುತ್ತಿದ್ದರು, ಈಗ ಹೆದರುತ್ತಾರೆ. ಇದು ಎಲ್ಲಿಗೆ ಹೋಗುತ್ತದೋ, ಯಾರು ನೋಡಿ ಏನನ್ನುತ್ತಾರೋ ಅನ್ನುವ ಹೆದರಿಕೆ. ಆ ಹೆದರಿಕೆಗೆ ಕಾರಣ ಇದೆ. ಹಾಗಾಗಿ ಫೋನ್ ಎತ್ತುವ ಮೊದಲೇ ಹೇಳಿ: ‘ಇದು ಎಲ್ಲೂ ಹಾಕಲ್ಲ, ನಾವು ನಾಲ್ಕು ಜನ ನೋಡೋದಕ್ಕೆ ಅಷ್ಟೇ.’ ಆ ಮಾತು ಕೇಳಿದ ಕೂಡಲೇ ಭುಜ ಸಡಿಲ ಆಗುವುದು ನಿಮಗೇ ಕಾಣುತ್ತದೆ. ಒಮ್ಮೆ ಹೇಳಿದ ಮೇಲೆ ವಿಡಿಯೋ ಎಷ್ಟೇ ಚೆನ್ನಾಗಿ ಬಂದರೂ ಮಾತು ತಪ್ಪಬೇಡಿ. ಹಾಕಬೇಕು ಅನ್ನಿಸಿದರೆ ಮತ್ತೆ ಹೋಗಿ ಕೇಳಿ, ಬೇಡ ಅಂದರೆ ಅಲ್ಲಿಗೆ ಬಿಡಿ. ಮಕ್ಕಳ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿ. ಇನ್ನೂ ಸರಿಯಾಗಿ ಹೂಂ, ಉಹೂಂ ಅನ್ನಲು ಬಾರದ ಮಗುವಿನ ಅಳು, ಸ್ನಾನ, ಜಗಳ ಯಾವುದೂ ಸಾರ್ವಜನಿಕ ಚಾನೆಲ್‌ಗೆ ಹೋಗಬಾರದು. ಮನೆಯವರಿಗೆ ಅಂತ ತೆಗೆದದ್ದು ಮನೆಯಲ್ಲೇ ಇರಲಿ.

ಈಗ ಚಾನೆಲ್ ವಿಷಯ. ಬೇಸರದಲ್ಲಿ ಅಳಿಸಬೇಡಿ. ಯೂಟ್ಯೂಬ್‌ನಲ್ಲಿ ಪ್ರತಿ ವಿಡಿಯೋವನ್ನೂ ಪಬ್ಲಿಕ್, ಅನ್‌ಲಿಸ್ಟೆಡ್, ಪ್ರೈವೇಟ್ ಅಂತ ಮೂರು ರೀತಿ ಇಡಬಹುದು. ಪ್ರೈವೇಟ್ ಅಂದರೆ ನೀವು ಇಮೇಲ್ ಮೂಲಕ ಕರೆದವರಿಗೆ ಮಾತ್ರ ಕಾಣುತ್ತದೆ. ಅನ್‌ಲಿಸ್ಟೆಡ್ ಅಂದರೆ ಹುಡುಕಿದರೆ ಸಿಗುವುದಿಲ್ಲ, ಆದರೆ ಲಿಂಕ್ ಕೈಗೆ ಬಂದ ಯಾರು ಬೇಕಾದರೂ ನೋಡಬಹುದು. ಲಿಂಕ್ ಇನ್ನೊಬ್ಬರಿಗೆ ಹೋದರೆ ಅವರೂ ನೋಡಬಹುದು. ಹಾಗಾಗಿ ಅದನ್ನು ಗುಟ್ಟು ಅಂದುಕೊಳ್ಳಬೇಡಿ. ಪಬ್ಲಿಕ್ ಆಗಿ ಇಡುವ ವಿಡಿಯೋಗಳಿಗೆ ಕಾಮೆಂಟ್ ನಿಲ್ಲಿಸಬಹುದು, ಲೈಕ್ ಎಷ್ಟು ಅನ್ನುವುದನ್ನು ಮರೆ ಮಾಡಬಹುದು. ನಿಮಗೆ ಹಣ ಬರದಿದ್ದರೂ ಯೂಟ್ಯೂಬ್ ನಿಮ್ಮ ವಿಡಿಯೋ ಮೇಲೆ ಜಾಹೀರಾತು ಹಾಕಬಹುದು, ಅದು ಅವರ ನಿಯಮದಲ್ಲೇ ಇದೆ. ಆದ್ದರಿಂದ ಎಲ್ಲವನ್ನೂ ಸದ್ಯಕ್ಕೆ ಪ್ರೈವೇಟ್ ಮಾಡಿ. ವ್ಯೂಸ್ ತೋರಿಸುವ ಸ್ಟುಡಿಯೋ ಆ್ಯಪನ್ನು ಫೋನಿಂದ ತೆಗೆಯಿರಿ. ಈ ಎರಡನೆಯದನ್ನು ಇವತ್ತೇ ಮಾಡಿ, ನಾಳೆಗೆ ಇಡಬೇಡಿ. ಮುಂದೆ ಅಪರಿಚಿತರಿಗೂ ತೋರಿಸಬೇಕು ಅನ್ನುವ ವಿಡಿಯೋ ಬಂದರೆ, ಮೊದಲು ಅದು ಯಾರಿಗಾಗಿ ಆಯಿತೋ ಅವರಿಗೆ ತೋರಿಸಿ. ಆಮೇಲೆ ಪಬ್ಲಿಕ್ ಮಾಡಿ. ಆಗ ಬರುವ ವ್ಯೂಸ್ ಆ ಪ್ರಯೋಗದ ಎರಡನೇ ಗುಂಪಿನ ಮಕ್ಕಳಿಗೆ ಅಚಾನಕ್ಕಾಗಿ ಸಿಕ್ಕ ಪ್ರಶಸ್ತಿಯಂತೆ, ಅದರಿಂದ ಕೇಡಿಲ್ಲ.

ತೋರಿಸುವುದನ್ನು ಶೂಟಿಂಗ್‌ನಷ್ಟೇ ಮುಖ್ಯ ಅಂತ ತಿಳಿಯಿರಿ. ಮಾಡಿದ ಕೂಡಲೇ ಗ್ರೂಪಿಗೆ ತಳ್ಳಿದರೆ ಅದು ಶುಭಾಶಯಗಳ ನಡುವೆ ಕಳೆದುಹೋಗುತ್ತದೆ. ಯಾರಿಗಾಗಿ ಮಾಡಿದಿರೋ ಅವರು ಮನೆಗೆ ಬರುವವರೆಗೆ ಕಾಯಿರಿ, ದೊಡ್ಡ ಪರದೆಗೆ ಹಾಕಿ, ಜೊತೆಗೆ ಕೂರಿ. ದೂರದಲ್ಲಿದ್ದರೆ ಕರೆ ಮಾಡಿಕೊಂಡು ಇಬ್ಬರೂ ಒಂದೇ ಹೊತ್ತಿಗೆ ಪ್ಲೇ ಮಾಡಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ಮುಂದಕ್ಕೆ ಬಾಗಿದರು, ಎಲ್ಲಿ ಫೋನ್ ಕಡೆ ಕಣ್ಣು ಹೋಯಿತು, ಎಲ್ಲಿ ‘ಅಯ್ಯೋ, ಇದು ನೋಡು’ ಅಂದರು ಅಂತ ಗಮನಿಸಿ. ನಾನು ಎಡಿಟಿಂಗ್ ಕಲಿತದ್ದರಲ್ಲಿ ದೊಡ್ಡ ಪಾಲು ಹೀಗೆ ಹಿಂದಿನ ಸಾಲಿನಲ್ಲಿ ಕೂತು ಜನರನ್ನು ನೋಡಿಯೇ. ಕೆಲವು ಸಲ ಯಾರೂ ನಗುವುದಿಲ್ಲ. ಆಗಲೂ ಎಲ್ಲಿ ಎಳೆದಾಡಿದೆ ಅಂತ ನಿಮಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. 91 ಎಂಬ ಸಂಖ್ಯೆ ಅಷ್ಟನ್ನು ಹೇಳುವುದಿಲ್ಲ.

ಫೈಲ್‌ಗಳ ಬಗ್ಗೆಯೂ ಎರಡು ಮಾತು. ಅಪ್‌ಲೋಡ್ ಮಾಡಿದ ವಿಡಿಯೋವನ್ನು ಯೂಟ್ಯೂಬ್ ತನ್ನ ಅನುಕೂಲಕ್ಕೆ ಮತ್ತೆ ಕುಗ್ಗಿಸುತ್ತದೆ. ಮೆಸೇಜ್ ಆ್ಯಪ್‌ಗಳೂ ವಿಡಿಯೋ ಅಂತ ಕಳಿಸಿದರೆ ಕುಗ್ಗಿಸುತ್ತವೆ. ಅವು ಯಾವುದೂ ನಿಮ್ಮ ಮೂಲ ಪ್ರತಿ ಅಲ್ಲ. ಮುಗಿದ ವಿಡಿಯೋವನ್ನು ಎರಡು ಬೇರೆ ಕಡೆ ಇಡಿ, ಒಂದು ಹಾರ್ಡ್ ಡಿಸ್ಕ್ ಮನೆಯ ಹೊರಗೆ ಇದ್ದರೆ ಇನ್ನೂ ಒಳ್ಳೆಯದು. ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ಯಾರಿದ್ದಾರೆ ಅನ್ನುವುದು ಇರಲಿ. ನಿಮ್ಮ ಕಾಲೇಜಿನ ಟೇಪ್‌ಗಳು ಇನ್ನೂ ಇದ್ದರೆ ಮೊದಲು ಅವನ್ನು ಡಿಜಿಟಲ್ ಮಾಡಿಸಿ. ಟೇಪ್ ಹಾಳಾಗುತ್ತದೆ, ಅದನ್ನು ಓಡಿಸುವ ಯಂತ್ರಗಳು ಸಿಗುವುದೂ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ.

ಇನ್ನು ಉಳಿದದ್ದು ಕ್ಯಾಮೆರಾ. ಈಗ ತಗೊಳ್ಳಬೇಡಿ. ದುಬಾರಿ ಕ್ಯಾಮೆರಾ ಕೊಂಡರೆ ಅದರ ದುಡ್ಡಿಗೆ ತಕ್ಕ ಕೆಲಸ ಆಗಬೇಕು ಅನ್ನುವ ಇನ್ನೊಂದು ಲೆಕ್ಕ ತಲೆಗೆ ಹತ್ತುತ್ತದೆ, ಒಂದರ ಭಾರವೇ ಸಾಕು. ನಿಮ್ಮ ಫೋನ್ 1080ಪಿಯಲ್ಲಿ (ಫುಲ್ ಎಚ್‌ಡಿ) ತೆಗೆಯುತ್ತಿದ್ದರೆ ಮನೆಯ ಟಿವಿಗೆ ಬೇಕಾದಷ್ಟಾಯಿತು. ಖರ್ಚು ಮಾಡಲೇಬೇಕು ಅನ್ನಿಸಿದರೆ ಒಂದು ಟ್ರೈಪಾಡ್, ಫೋನಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್, ಅದಕ್ಕೆ ಗಾಳಿ ತಡೆಯುವ ರೋಮದ ಹೊದಿಕೆ ತಗೊಳ್ಳಿ. ಎಡಿಟಿಂಗ್‌ಗೆ ಕಂಪ್ಯೂಟರ್ ಇದ್ದರೆ ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಸಾಫ್ಟ್‌ವೇರ್‌ಗಳು ಪೂರ್ತಿ ಉಚಿತ. ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿ ಇದೆ, ಆದರೆ ಅದಕ್ಕೆ ಬಲವಾದ ಕಂಪ್ಯೂಟರ್ ಬೇಕು. ಮೂರು ನಿಮಿಷದ ವಿಡಿಯೋಗಳು ಒಂದು ಹತ್ತಾಗಲಿ. ಆಮೇಲೆ, ಫೋನಿನಲ್ಲಿ ಇಂಥದ್ದು ಮಾತ್ರ ಆಗುತ್ತಿಲ್ಲ ಅಂತ ನೀವು ಬೆರಳಿಟ್ಟು ತೋರಿಸುವ ಹಾಗಿದ್ದರೆ, ಉದಾಹರಣೆಗೆ ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತಿದೆ, ದೂರದ ಹಕ್ಕಿ ಸಿಗುತ್ತಿಲ್ಲ ಅಂತ, ಆಗ ಬರೆಯಿರಿ. ಅದಕ್ಕೆ ತಕ್ಕ ಕ್ಯಾಮೆರಾ ಯಾವುದು ಅಂತ ಹೇಳುತ್ತೇನೆ.